ಬಿಲ್ಲುಗಾರ್ತಿಗೆ ಎರಡು ಕನ್ನಡಕ

ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕನ್ನಡಕದಕ್ಕ ಎಂದೇ. ಬಸ್ ನಿಲ್ದಾಣದ ಹಿಂದಿನ ಕನ್ನಡಕದಂಗಡಿಯ ಒಳಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತ, "ಈಗ ಚೆನ್ನಾಗಿದೆಯೋ, ಮೊದಲೇ ಚೆನ್ನಾಗಿತ್ತೋ?" ಎಂದು ಕೇಳುವುದು ಅವಳ ಕಸುಬು. ಗೋಡೆಯ ಅಕ್ಷರಪಟದ ಕೊನೆಯ ಸಾಲು ಓದಿದರೆ ಒಳ್ಳೆಯ ಕಣ್ಣು, ಓದದಿದ್ದರೆ ಮಂದ. ಅಷ್ಟೇ.

ಒಂದು ದಿನ ಕ್ರೀಡಾ ಹಾಸ್ಟೆಲಿನ ಕೋಚ್ ಬಂದು ತನ್ನ ಆಟಗಾರರ ಕಣ್ಣು ನೋಡಿಕೊಡಬೇಕೆಂದ.

"ನಿಮ್ಮವರಿಗೆ ಹದ್ದಿನ ಕಣ್ಣಲ್ವಾ ಸಾರ್, ನನಗೇನು ಕೆಲಸ?" ಎಂದು ನಗುತ್ತಲೇ ಪಟ ಸುತ್ತಿಕೊಂಡು ಹೊರಟಳು.

ಟೇಬಲ್ ಟೆನಿಸ್ ಆಡುವವಳು ಕೊನೆಯ ಸಾಲು ಮುಗಿಸಿ, ಅದರ ಕೆಳಗೆ ಇರುವೆ ಸಾಲಿನಂತಿದ್ದ ಅಚ್ಚುಕೂಟದ ವಿಳಾಸವನ್ನೂ ಪಟಪಟನೆ ಓದಿಬಿಟ್ಟಳು. ವಾಲಿಬಾಲಿನವಳ ಓದು ಸಾಧಾರಣ. ಆದರೆ ಪಟದಿಂದ ದೃಷ್ಟಿ ಕದಲಿಸದೆಯೇ, "ಅಕ್ಕಾ, ನಿಮ್ಮ ಚಪ್ಪಲಿ ಪಟ್ಟಿ ಕಿತ್ತೋಗ್ತಿದೆ, ನೋಡ್ಕೊಳ್ಳಿ" ಎಂದಳು. ಕನ್ನಡಕದಕ್ಕ ನಿಂತಿದ್ದದ್ದು ಅವಳ ಪಕ್ಕದಲ್ಲಿ! ಇದನ್ನು ಯಾವ ಸಾಲಿಗೆ ಬರೆಯುವುದೆಂದು ತೋಚಲಿಲ್ಲ.

ಕನ್ನಡಕದಕ್ಕ ದಂಗಾದದ್ದು ಬಿಲ್ಲುಗಾರ್ತಿಯ ಸರದಿಯಲ್ಲಿ. ಮೂರು ವರ್ಷ ಬಿಡದೆ ಪದಕ ಗೆದ್ದವಳು ನಾಲ್ಕನೇ ಸಾಲಿಗೇ ತಡವರಿಸಿದಳು.

"ಅಯ್ಯೋ, ಇಷ್ಟು ಮಂಜು ಇಟ್ಕೊಂಡು ಗುರಿ ಹೇಗೆ ಹೊಡಿತೀಯೇ?"

"ಗುರಿ ಹಲಗೆ ನಡುವಿನ ಹಳದಿ ಬೊಟ್ಟು ಕಾಣುತ್ತಲ್ಲಕ್ಕಾ, ಸಾಕು."

ಕನ್ನಡಕದಕ್ಕ ಸುಮ್ಮನಿರುವಳೇ? ಎರಡೇ ದಿನದಲ್ಲಿ ಕನ್ನಡಕ ಮಾಡಿಸಿ ತೊಡಿಸಿದಳು. ವಾರ ತುಂಬುವ ಮೊದಲೇ ಕೋಚ್ ಮುಖ ಗಂಟಿಕ್ಕಿಕೊಂಡು ಅಂಗಡಿಗೆ ಬಂದ.

"ಏನ್ ಮಾಡಿಟ್ರಿ ಅಕ್ಕಾ? ಬಾಣ ದಿಕ್ಕಿಗೊಂದು ಹೋಗ್ತಿದೆ."

ಅವಳಿಗೆ ಬೇಜಾರಿಗಿಂತ ಕುತೂಹಲವೇ ಹೆಚ್ಚಾಯಿತು. ಮರುದಿನ ಅಂಗಡಿಗೆ ರಜೆ ಹೇಳಿ, ಗಾಜಿನ ಪೆಟ್ಟಿಗೆ ಹಿಡಿದು ಮೈದಾನಕ್ಕೇ ಹೋದಳು.

"ಮೊದಲು ಹಳದಿ ಒಂದೇ ಕಾಣ್ತಿತ್ತು," ಎಂದಳು ಬಿಲ್ಲುಗಾರ್ತಿ. "ಈಗ ಹಳೇ ಬಾಣದ ತೂತೆಲ್ಲ ಕಾಣುತ್ತೆ. ಯಾವ ತೂತಿಗೆ ಬಿಡ್ಲಿ ಅಂತ ಮನಸ್ಸು ಅಲೆಯುತ್ತೆ."

"ಹಾಗಾದ್ರೆ ವಾಪಸ್ ಕೊಡ್ತೀಯಾ?"

"ಬೇಡಪ್ಪಾ! ಬಸ್ಸಿನ ಬೋರ್ಡು ಓದೋಕೆ ಇಷ್ಟು ದಿನ ಕಂಡೋರನ್ನೆಲ್ಲ ಕೇಳ್ತಿದ್ದೆ."

ಅಂದು ಬೆಳಗಿನಿಂದ ಕನ್ನಡಕದಕ್ಕ ಗಾಜು ಬದಲಿಸಿ ಬದಲಿಸಿ ಆರಾರು ಬಾಣ ಬಿಡಿಸಿದಳು. ಪ್ರತಿ ಸಲವೂ ಹಲಗೆಯ ತನಕ ನಡೆದು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಬಿಸಿಲೇರುವ ಹೊತ್ತಿಗೆ, ಮೊದಲು ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ ಪವರಿನ ಗಾಜಿನಲ್ಲಿ ಆರೂ ಬಾಣ ಹಳದಿಯಲ್ಲಿ ಒತ್ತೊತ್ತಾಗಿ ನಾಟಿದವು. ಕೋಚ್‌ನ ಗಂಟುಮುಖ ಸಡಿಲಾಯಿತು.

"ಇದು ಬಿಲ್ಲಿಗೆ, ಅದು ಬಸ್ಸಿಗೆ," ಎಂದಳು ಕನ್ನಡಕದಕ್ಕ.

ಆಮೇಲೆ ಬುಧವಾರಗಳಂದು ಅವಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಮೈದಾನದಲ್ಲಿ ಸಿಗುತ್ತಿದ್ದಳು. ಪಟ ಬಿಚ್ಚುವ ಮೊದಲು, "ಆಡುವಾಗ ನೀನು ಏನು ನೋಡ್ತೀಯಾ?" ಎಂದು ಪ್ರತಿಯೊಬ್ಬರನ್ನೂ ಕೇಳುವುದು ರೂಢಿಯಾಯಿತು. ಓಟಗಾರನೊಬ್ಬ ಬಹಳ ಹೊತ್ತು ತಲೆ ಕೆರೆದುಕೊಂಡು, "ಏನೂ ಇಲ್ಲಕ್ಕಾ. ಮುಂದೆ ಯಾರ ಬೆನ್ನೂ ಕಾಣಬಾರದು, ಅಷ್ಟೇ," ಎಂದ.

ಅವಳು ಅದನ್ನೂ ಬರೆದುಕೊಂಡಳು.