ಬ್ರೇಕಿಗೆ ಹಚ್ಚಿದ ಎಣ್ಣೆ

ಅತ್ತೆಯ ಕೈ ಸುಮ್ಮನಿರುವ ಜಾತಿಯದಲ್ಲ. ಕೂತಲ್ಲೇ ಏನನ್ನಾದರೂ ಒರೆಸುತ್ತದೆ, ಮಡಚುತ್ತದೆ, ಜೋಡಿಸುತ್ತದೆ. ಅವಳು ಮಗಳ ಮನೆಗೆ ಬಂದು ಎಂಟು ವರ್ಷವಾಯಿತು. ಅಂದಿನಿಂದ ಆ ಮನೆಯ ಒಂದು ಚಮಚವೂ ಧೂಳು ಕಂಡಿಲ್ಲ. "ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ಅತ್ತೆ ನನ್ನನ್ನೂ ಒರೆಸಿ ಕಪಾಟಲ್ಲಿಡ್ತಾರೆ" ಎಂದು ಅಳಿಯ ನಗುತ್ತಾನೆ.

ಅಳಿಯ ಇಟ್ಟಿಗೆ ಸಾಗಿಸುವ ಲಾರಿಯವನು. ಗಂಡ ತೀರಿಕೊಂಡ ಮೇಲೆ ಅತ್ತೆ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಾಗ, ಅದೇ ಲಾರಿ ತಂದು ಅವಳ ಮಂಚ, ಪಾತ್ರೆ, ಹೊಲಿಗೆ ಯಂತ್ರ ಎಲ್ಲವನ್ನೂ ಹತ್ತಿಸಿಕೊಂಡು ಬಂದವನು ಅವನು. ಮನೆಯಲ್ಲಿದ್ದದ್ದೇ ಎರಡು ಕೋಣೆ, ಒಂದು ಅಡುಗೆಮನೆ. ಅದರಲ್ಲೊಂದು ಅವನ ಸ್ಪ್ಯಾನರು, ಜಾಕು, ಗ್ರೀಸು ಡಬ್ಬಿಗಳ ಕೋಣೆ. ಒಂದೇ ಮಧ್ಯಾಹ್ನದಲ್ಲಿ ಅದನ್ನು ಖಾಲಿ ಮಾಡಿ ಸುಣ್ಣ ಬಳಿದು ಅತ್ತೆಗೆ ಬಿಟ್ಟುಕೊಟ್ಟ. ಸಾಮಾನೆಲ್ಲ ಅಂಗಳದ ತಗಡಿನ ಚಪ್ಪರದಡಿ ಹೋಯಿತು. ಎಂಟು ವರ್ಷದಿಂದ ಅವನು ಬಿಸಿಲು, ಗಾಳಿ ಅನ್ನದೆ ಹೊರಗೆ ಕೂತೇ ಕೆಲಸ ಮಾಡುತ್ತಾನೆ, ಅದರ ಸುದ್ದಿ ಎತ್ತಿದವನಲ್ಲ. ಅತ್ತೆಗೆ ಮಾತ್ರ ಅದು ಮನಸ್ಸಿನಲ್ಲಿ ಕೂತಿದೆ. ಈ ಋಣ ಯಾವ ರೀತಿ ತೀರಿಸಲಿ ಎಂದು ಅವಳ ಕೈ ಸದಾ ಹುಡುಕುತ್ತಿರುತ್ತದೆ.

ಈ ಸಲ ಲಾರಿಯ ಹಿಂದಿನ ಚಕ್ರಗಳನ್ನು ತಿರುಗಿಸುವ ಆಕ್ಸಲ್‌ಗಳು ಸವೆದಿದ್ದವು, ಬ್ರೇಕೂ ಹಿಡಿಯುತ್ತಿರಲಿಲ್ಲ. ಅಳಿಯ ಹಿಂಭಾಗವನ್ನು ಜಾಕಿನ ಮೇಲೆತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಚಕ್ರ ಬಿಚ್ಚಿದ. ಉದ್ದನೆಯ ಆಕ್ಸಲನ್ನು ಎಳೆದು ತೆಗೆದು ಅದರ ತುದಿಯ ಹಲ್ಲುಗಳನ್ನು ಅತ್ತೆಗೆ ತೋರಿಸಿದ.

"ನೋಡಿ, ಒಂದೂ ಸರಿಯಾಗಿಲ್ಲ."

"ನನ್ನ ಬಾಯಿಯೇ ವಾಸಿ ಹಾಗಾದ್ರೆ" ಎಂದಳು ಅತ್ತೆ.

ಹೊಸ ಬ್ರೇಕ್ ಶೂಗಳನ್ನು ಹಳೆಯ ಬೆಡ್‌ಶೀಟಿನ ಮೇಲೆ ಸಾಲಾಗಿ ಇಟ್ಟು, ಮರೆತುಬಂದಿದ್ದ ಒಂದು ರಬ್ಬರ್ ಸೀಲು ತರಲು ಅವನು ಅಂಗಡಿಗೆ ಹೋದ. ಅತ್ತೆ ಚಪ್ಪರದ ಕೆಳಗೆ ಬಂದು ನೋಡಿದಳು. ಕಮಾನಿನಂಥ ಕಬ್ಬಿಣ, ಅದರ ಬೆನ್ನಿಗೆ ಅಂಟಿಸಿದ ಒರಟು ಪಟ್ಟಿ. ಹೊಸ ಕಬ್ಬಿಣ ಹೀಗೆ ಬಯಲಲ್ಲಿ ಬಿದ್ದಿದ್ದರೆ ತುಕ್ಕು ಹಿಡಿಯದೆ ಇರುತ್ತದೆಯೇ? ಹೊಸ ಬಾಣಲೆ ತಂದರೂ, ಕತ್ತಿ ತಂದರೂ, ಬಾಗಿಲಿಗೆ ಚಿಲಕ ಹಾಕಿಸಿದರೂ ಮೊದಲು ಎಣ್ಣೆ ಹಚ್ಚುವುದು ಅವಳ ಅಭ್ಯಾಸ. ಒಳಗಿನಿಂದ ಅಡುಗೆ ಎಣ್ಣೆಯ ಬಟ್ಟಲು ತಂದು ನಾಲ್ಕಕ್ಕೂ ನೀಟಾಗಿ ಹಚ್ಚಿದಳು, ಬಟ್ಟೆಯಿಂದ ಒರೆಸಿದಳು. ಅವಳ ಕೆಲಸವೆಂದರೆ ಹಾಗೇ, ಮಾಡಿದ ಗುರುತೂ ಉಳಿಯುವುದಿಲ್ಲ. ಪುಣ್ಯದ ಕೆಲಸ ಮಾಡಿದೆ ಎಂಬ ಹಿಗ್ಗಿನಿಂದ ಒಳಗೆ ಹೋದಳು. ಬಾಯಿ ಬಿಟ್ಟು ಹೇಳಿಕೊಳ್ಳುವುದು ಅವಳಿಗೆ ಸಂಕೋಚ.

ಅಳಿಯ ಬಂದ. "ಈ ಸಲದ ಮಾಲು ಸ್ವಲ್ಪ ಕಪ್ಪಗಿದೆಯಲ್ಲ" ಎಂದು ಗೊಣಗಿದವನು ಅವನ್ನೇ ಕೂರಿಸಿದ. ಅವುಗಳ ಮೇಲೆ ಬ್ರೇಕ್ ಡ್ರಮ್ಮು ಮುಚ್ಚಿ, ಹೊಸ ಆಕ್ಸಲ್ ತೂರಿಸಿ, ಚಕ್ರ ಹಾಕಿ, ಜಾಕು ಇಳಿಸುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಯಿತು. ಸೊಂಟ ಹಿಡಿದುಕೊಂಡು ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದ:

"ಸೋಪು ಕೊಡು. ಗ್ರೀಸ್ ಮುಟ್ಟಿದ ಕೈಯಲ್ಲಿ ಶೂ ಮುಟ್ಟಬಾರದು ಅಂತ ನಿನ್ನೆ ಮೂರು ಸಲ ಕೈ ತೊಳೆದಿದೀನಿ. ಅದಕ್ಕೆ ಒಂದು ಹನಿ ಎಣ್ಣೆ ಸೋಕಿದ್ರೂ ಬ್ರೇಕ್ ಹಿಡಿಯಲ್ಲ."

ಒಲೆಯ ಮುಂದಿದ್ದ ಅತ್ತೆ ಪಕ್ಕದ ಎಣ್ಣೆ ಬಟ್ಟಲನ್ನೇ ನೋಡಿದಳು.

ಮನೆ ಇರುವುದು ಬೀದಿಯ ನೆತ್ತಿಯಲ್ಲಿ. ಗೇಟು ದಾಟಿದರೆ ನೇರ ಇಳಿಜಾರು, ಇಳಿಜಾರಿನ ಬುಡದಲ್ಲಿ ಶಾಲೆ. ಅದೆಲ್ಲ ಅವಳ ಕಣ್ಣ ಮುಂದೆ ಬಂತು. ಹೇಳಬೇಕೆಂದು ಬಾಯಿ ತೆರೆದರೆ ನಾಲಿಗೆ ಏಳಲಿಲ್ಲ. ಎರಡು ದಿನ ಮೈಮುರಿದು ಮಾಡಿದ ಕೆಲಸವನ್ನು ನೀರುಪಾಲು ಮಾಡಿದವಳು ತಾನು. ಈವರೆಗೆ ಒಂದು ದಿನವೂ ದನಿ ಏರಿಸದವನು ಇವತ್ತು ಏರಿಸಿದರೆ, ನಾಳೆಯಿಂದ ಈ ಮನೆಯಲ್ಲಿ ತುತ್ತು ಗಂಟಲಿಗೆ ಇಳಿಯುವುದು ಹೇಗೆ?

"ಒಂದು ಸುತ್ತು ಹೋಗಿ ಬರ್ತೀನಿ" ಎಂದವನೇ ಅಳಿಯ ಲಾರಿ ಹತ್ತಿದ. ಇಂಜಿನ್ ಗುಡುಗಿತು. ಅತ್ತೆಗೆ ಮಾತು ಬರಲಿಲ್ಲ, ಕಾಲು ಬಂದವು. ಓಡಿಹೋಗಿ ಲಾರಿಯ ಮುಂದೆ ನಿಂತು ಬಾನೆಟ್ಟಿನ ಮೇಲೆ ಎರಡೂ ಕೈ ಇಟ್ಟಳು.

ಅವನು ಇಂಜಿನ್ ಆರಿಸಿ ಇಳಿದುಬಂದ. "ಏನಾಯ್ತು ಅತ್ತೆ?"

"ಆ ಶೂಗಳಿಗೆ ನಾನು ಎಣ್ಣೆ ಹಚ್ಚಿದೀನಿ. ತುಕ್ಕು ಹಿಡೀಬಾರದು ಅಂತ."

ಅವನು ಅವಳ ಮುಖ ನೋಡಿದ, ಇಳಿಜಾರು ನೋಡಿದ.

"ಉಜ್ಜಿದ್ರೆ ಹೋಗಲ್ವಾ?" ಎಂದಳು.

"ಇಲ್ಲ. ಇಷ್ಟೊತ್ತಿಗೆ ಆ ಪಟ್ಟಿ ಎಣ್ಣೆ ಕುಡಿದುಬಿಟ್ಟಿರುತ್ತೆ. ಹೊಸದೇ ತರಬೇಕು."

ಅತ್ತೆ ಬೈಗುಳಕ್ಕೆ ಕಾದಳು. ಅವನು ಹೋಗಿ ಜಾಕು ತಂದು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ಕುಕ್ಕರಿಸಿದ.

"ನಾನು ಕ್ಲೀನರ್ ಆಗಿದ್ದಾಗ ಒಂದು ಸಲ ಚಕ್ರದ ನಟ್ಟು ಬಿಗಿ ಮಾಡೋದು ಮರೆತಿದ್ದೆ. ಅರ್ಧ ದಾರೀಲಿ ನೆನಪಾಯ್ತು. ಬೈತಾರೆ ಅಂತ ಬಾಯಿ ಮುಚ್ಕೊಂಡು ಕೂತೆ. ಚಕ್ರ ಕಳಚ್ತು. ನನಗೆ ಸ್ಟಿಯರಿಂಗ್ ಕಲಿಸಿದ ಗುರುಗಳು ಅವತ್ತಿಂದ ಕುಂಟ್ತಾರೆ. ರಸ್ತೆ ಗುಂಡಿಯಿಂದ ಹಾಗಾಯ್ತು ಅಂತಾನೇ ಅಂದ್ಕೊಂಡಿದಾರೆ." ಜಾಕನ್ನು ಲಾರಿಯಡಿಗೆ ತಳ್ಳುತ್ತ ಹೇಳಿದ, "ನೀವು ಹೇಳಿದ್ರಿ. ದೊಡ್ಡ ಉಪಕಾರ ಆಯ್ತು ಅತ್ತೆ."

ಉಪಕಾರ ಎಂಬ ಮಾತು ಅವನ ಬಾಯಿಂದ ತನ್ನ ಕಡೆಗೆ ಬಂದದ್ದು ಕೇಳಿ ಅತ್ತೆಗೆ ಅಳು ತಡೆಯಲಾಗಲಿಲ್ಲ. ಕೃತಜ್ಞತೆ ತನ್ನೊಬ್ಬಳ ಪಾಲಿನದೆಂದು ಅವಳು ಇಷ್ಟು ವರ್ಷ ತಿಳಿದಿದ್ದಳು.

ಹೊಸ ಶೂ ತಂದು ಕೂರಿಸಲು ಇನ್ನೆರಡು ದಿನ ಹಿಡಿಯಿತು. ಮೂರನೆಯ ಬೆಳಿಗ್ಗೆ ಲಾರಿ ಇಳಿಜಾರಿನ ನಡುವೆ, ಬ್ರೇಕ್ ಒತ್ತಿದ ಜಾಗದಲ್ಲೇ ನಿಂತಿತು. ವಾಪಸ್ ಬಂದ ಅಳಿಯ ಇಟ್ಟಿಗೆ ಗೂಡಿಗೆ ಹೋಗಲಿಲ್ಲ.

"ಗುರುಗಳ ಮನೆಗೆ ಹೊರಟಿದೀನಿ ಅತ್ತೆ. ಒಬ್ಬನೇ ಹೋದ್ರೆ ಗೇಟಿಂದಲೇ ವಾಪಸ್ ಬರ್ತೀನಿ. ನೀವು ಪಕ್ಕದಲ್ಲಿ ಕೂತಿರಿ."

ಅಲ್ಲಿ ಮುಟ್ಟಿದಾಗ ಮುದುಕರು ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಅಳಿಯ ಲಾರಿಯ ಬಾಗಿಲ ಮೇಲೆ ಕೈಯಿಟ್ಟವನು ತೆರೆಯಲಿಲ್ಲ.

"ಹೋಗಿ. ನಾನು ಇಲ್ಲೇ ಇದೀನಿ" ಎಂದಳು ಅತ್ತೆ.

ಅವನು ಹೋಗಿ ಅವರ ಮುಂದೆ ನಿಂತು ಏನೋ ಹೇಳಿದ. ಮುದುಕರು ಬಹಳ ಹೊತ್ತು ತಮ್ಮ ಕಾಲನ್ನೇ ನೋಡುತ್ತಿದ್ದರು. ಆಮೇಲೆ ಅದನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕೆ ಸರಿಸಿ, ಅವನಿಗೆ ಕೂರಲು ಜಾಗ ಮಾಡಿದರು.