ಪುಣೆಯಲ್ಲಿ ಕೇಳಿದ ಗುಡ್ಡದ ಕೂಗು

ಎಂಬತ್ತರ ದಶಕದ ಆರಂಭದ ಒಂದು ಜನವರಿ. ಧಾರವಾಡದಿಂದ ಬೆಳಗಿನ ಆರರ ಬಸ್ಸಿಗೆ ಹೊರಟೆ. ನಿಘಂಟು ಕಚೇರಿಯಲ್ಲಿ ಪದಗಳ ಚೀಟಿ ಬರೆಯುವುದು ನನ್ನ ಕೆಲಸ. ಪುಣೆಯ ನಿಘಂಟಿನವರು ಆ ಕೆಲಸವನ್ನು ಹೇಗೆ ಮಾಡುತ್ತಾರೆಂದು ನೋಡಿಬರಲು ಕಳಿಸಿದ್ದರು. ನಾನು ಬರೆದ ಚೀಟಿಗಳ ಒಂದು ಕಟ್ಟೂ ಚೀಲದಲ್ಲಿತ್ತು. ನನ್ನ ಅಕ್ಷರದ ಬಗ್ಗೆ ನನಗೆ ಕೊಂಚ ಜಂಬ. ಕೊಲ್ಹಾಪುರದಲ್ಲಿ ಝುಣಕ ಭಾಕರಿ ತಿಂದೆ. ಘಾಟಿನಲ್ಲಿ ಇಂಜಿನ್ ಕಾದು ಬಸ್ಸು ಅರ್ಧ ಗಂಟೆ ನಿಂತಿತು. ಪುಣೆ ಮುಟ್ಟಿದಾಗ ಸಂಜೆಯಾಗಿತ್ತು.

ಇಳಿದುಕೊಂಡದ್ದು ಇಂಡಿ ಕಡೆಯ ಕಮಲಾಬಾಯಿಯವರ ಮನೆಯಲ್ಲಿ. "ಬರ್ರಿ, ಮೊದ್ಲ ಚಾ ಕುಡೀರಿ. ಭಾಳ ಥಂಡಿ ಅದ" ಎಂದರು. ಅವರ ಮಾಳಿಗೆಯ ಕೋಣೆಯಲ್ಲಿ ಥಾಬೊ ಎಂಬ ವಿದ್ಯಾರ್ಥಿ ನಾಲ್ಕು ವರ್ಷದಿಂದ ಬಾಡಿಗೆಗಿದ್ದ. ಆಫ್ರಿಕಾದ ಲೆಸೊಥೊ ದೇಶದವನು. ತನ್ನ ಸೆಸೊಥೊ ನುಡಿಗೆ ನಿಘಂಟು ಮಾಡುತ್ತಿದ್ದ. ದಿನಾ ಗ್ರಂಥಾಲಯದಿಂದ ಕತ್ತಲಾದ ಮೇಲೆ ಬರುವವನು, ಮರುದಿನ ನನಗಾಗಿ ಬೇಗ ಬಂದ.

ಅವರ ನುಡಿಯಲ್ಲಿ ದನಿಯ ಏರಿಳಿತಕ್ಕೂ ಅರ್ಥವಿದೆಯಂತೆ. ಬರಹದಲ್ಲಿ ಅದು ಕಾಣುವುದಿಲ್ಲ. ನಿಘಂಟಿನಲ್ಲಿ ಮಾತ್ರ ಗುರುತು ಹಾಕಬೇಕು. ಗುಡ್ಡದವರ ಧಾಟಿ ಬೇರೆ, ಪಟ್ಟಣದವರದು ಬೇರೆ. ಹಾಗಾಗಿ ಪ್ರತಿ ಚೀಟಿಯ ಕೆಳಗೆ ಹೇಳಿದವರ ಹೆಸರು, ಊರು ಬರೆಯುತ್ತಿದ್ದ. ಒಂದು ಚೀಟಿಯಲ್ಲಿ ಮಾತ್ರ ದನಿಯ ಗುರುತಿರಲಿಲ್ಲ. ಸಂಜೆ ಗುಡ್ಡದಿಂದ ಮಕ್ಕಳನ್ನು ಮನೆಗೆ ಕರೆಯಲು ಅವನ ತಾಯಿ ಕೂಗುತ್ತಿದ್ದ ಪದ ಅದು.

"ದೀಪಾವಳಿ ಹೊತ್ತಿಗೆ ತಾಯಿ ತೀರಿಹೋದಳು" ಎಂದು ಇಂಗ್ಲಿಷಿನಲ್ಲಿ ಹೇಳಿದ. "ಇಲ್ಲಿ ನಮ್ಮ ದೇಶದ ಪಟ್ಟಣದ ಗೆಳೆಯರ ಜೊತೆ ಮಾತಾಡಿ ನನ್ನ ದನಿಯೇ ಬದಲಾಗಿದೆ. ಈಗ ಯಾರನ್ನು ಕೇಳಲಿ?"

ಅಷ್ಟರಲ್ಲಿ ಕಮಲಾಬಾಯಿ ಬಾಗಿಲಿಗೆ ಬಂದು, ಓಣಿಯಲ್ಲಿ ಆಡುತ್ತಿದ್ದ ಮಗಳು ಸುಮಾಳನ್ನು ಕೂಗಿದರು. ಆ ಪದ ಕನ್ನಡದ್ದಲ್ಲ, ಮರಾಠಿಯದೂ ಅಲ್ಲ.

ಥಾಬೊ ಎದ್ದು ನಿಂತ.

"ಇವಾ ಹೊಸದಾಗಿ ಬಂದಾಗ ಸುಮಾನ್ನ ಹಿಂಗ ಕರೀತಿದ್ದ ರೀ" ಎಂದು ಕಮಲಾಬಾಯಿ ನನಗೆ ಹೇಳಿದರು. "ನಾವು ಕರದ್ರ ಬರತಿದ್ದಿಲ್ಲ, ಇದಕ್ಕ ಓಡಿ ಬರತಿದ್ಲು. ಹಂಗs ರೂಢಿ ಆತು ನೋಡ್ರಿ."

"ಪುನ್ಹಾ, ಕಾಕೂ" ಎಂದ ಥಾಬೊ, ಇನ್ನೊಮ್ಮೆ ಕೂಗಲು ಬೇಡಿ.

"ಅಕಿ ಬಂದಾಳಲ್ಲೋ!" ಎಂದರೂ, ಅವನ ಮುಖ ನೋಡಿ ಮತ್ತೆ ಕೂಗಿದರು. ಅವನು ಕಣ್ಣು ಮುಚ್ಚಿ ಕೇಳಿದ. ಆಮೇಲೆ ಗುರುತು ಹಾಕಿದ. ಕೆಳಗೆ ತಾಯಿಯ ಹೆಸರು ಬರೆದು, ಅದರಡಿ ಸೇರಿಸಿದ: 'ಉಳಿಸಿಕೊಟ್ಟವರು ಕಮಲಾಬಾಯಿ, ಪುಣೆ.'

ಮೂರನೆಯ ದಿನ ಮರಳುವ ಬಸ್ಸಿನಲ್ಲಿ ನನ್ನ ಕಟ್ಟು ಬಿಚ್ಚಿದೆ. ಚೀಟಿಗಳ ಮೂಲೆಯಲ್ಲಿ ದುಂಡಗೆ 'ಗ್ರಾಮ್ಯ' ಎಂದು ಬರೆದಿದ್ದೆ. ನವಲಗುಂದದ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳು ವ್ಯಾಪಾರ ಬಿಟ್ಟು ಕೂತು, ಅದರಲ್ಲಿ ಅರ್ಧದಷ್ಟು ಪದಗಳನ್ನು ಹೇಳಿಕೊಟ್ಟಿದ್ದಳು. ಕಾತ್ರಜ್ ಘಾಟು ದಾಟುವವರೆಗೂ ಆಕೆಯ ಹೆಸರು ನೆನಪಿಸಿಕೊಳ್ಳಲು ನೋಡಿದೆ. ನಾನು ಕೇಳಿಯೇ ಇರಲಿಲ್ಲ.