ಮಿಕ್ಕಿದ ಬ್ರಾಕೆಟ್

ಅವನನ್ನು ಎಲ್ಲರೂ ಟೈಟ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿ ಕುಡುಕನೆಂದುಕೊಂಡೀರಿ ಮತ್ತೆ! ಟೀ ಕೂಡ ಅರ್ಧ ಲೋಟಕ್ಕೇ ಸಾಕು ಎನ್ನುವ ಆಸಾಮಿ. ಬೋಲ್ಟು ಬಿಗಿ ಮಾಡಿದ ಮೇಲೆ ಇನ್ನೊಂದು ಸಲ ಮುಟ್ಟಿ ನೋಡದೆ ಸ್ಪ್ಯಾನರ್ ಕೆಳಗಿಡುತ್ತಿರಲಿಲ್ಲ, ಅದಕ್ಕೇ ಆ ಹೆಸರು. ತಗಡಿನ ಶೆಡ್ಡಿನಲ್ಲಿ ಮೂವತ್ತೆರಡು ವರ್ಷ ಕಾರುಗಳ ಹೊಟ್ಟೆಯೊಳಗೆ ಕೈ ಹಾಕಿ ಬಾಳಿದವನು.

ಇಷ್ಟು ಅಚ್ಚುಕಟ್ಟಾದ ಮನುಷ್ಯನಿಗೂ ಒಂದು ಚಟವಿತ್ತು. ಬಿಚ್ಚಿದ್ದನ್ನೆಲ್ಲ ವಾಪಸ್ ಹಾಕುತ್ತಿರಲಿಲ್ಲ. ಕೈ ಹೋಗದ ಮೂಲೆಯ ಕ್ಲಿಪ್ಪು, ಬೆರಳು ತರಚುವ ಬ್ರಾಕೆಟ್ಟು ಇಂಥವು ಗೋಡೆಯ ಹಲಗೆಯ ಮೇಲಿದ್ದ ಹಳೇ ಬಿಸ್ಕತ್ತಿನ ಡಬ್ಬಿ ಸೇರುತ್ತಿದ್ದವು. ಯಾರಾದರೂ ಕೇಳಿದರೆ, "ಕಂಪನಿಯವರಿಗೇನ್ರೀ, ತಣ್ಣಗೆ ರೂಮಲ್ಲಿ ಕೂತು ಕಂಡಕಂಡಲ್ಲಿ ಒಂದೊಂದು ಪಟ್ಟಿ ಬರೀತಾರೆ. ಕೈ ತೂರಿಸೋನು ನಾನು. ಇದಿಲ್ದೆ ಗಾಡಿ ಓಡಲ್ವಾ?" ಎನ್ನುತ್ತಿದ್ದ. ಗಾಡಿಗಳು ಓಡುತ್ತಲೇ ಇದ್ದವು, ಪಾಪ.

ಪಕ್ಕದ ಬೀದಿಯಲ್ಲಿ ಅವನ ಭಾವನ ಲೇತ್ ಅಂಗಡಿ. ಅಕ್ಕನ ಗಂಡ. ಮಾತು ಕಡಿಮೆ. ಯಾವುದೇ ಕಬ್ಬಿಣದ ಭಾಗದ ಮುಖವನ್ನು ಗ್ರೈಂಡಿಂಗ್ ಮೆಷಿನ್ ಮೇಲಿಟ್ಟು ಸಮ ಮಾಡಿಕೊಟ್ಟರೆಂದರೆ ಉಕ್ಕಿನ ಪಟ್ಟಿ ಇಟ್ಟು ನೋಡಿದರೂ ಅಡಿಯಿಂದ ಬೆಳಕು ನುಸುಳುತ್ತಿರಲಿಲ್ಲ. ಮೇಸ್ತ್ರಿ ಶೆಡ್ಡು ಹಾಕಿದ ದಿನ ಕೆಲಸದ ಮೇಜನ್ನು ಮಾಡಿಕೊಟ್ಟವರು ಅವರೇ. ಮಧ್ಯಾಹ್ನದ ಊಟ ಇಬ್ಬರದೂ ಆ ಮೇಜಿನ ಮೇಲೆಯೇ ಆಗುತ್ತಿತ್ತು.

ಈ ಊಟಕ್ಕೆ ಕಲ್ಲು ಹಾಕಿದ್ದು ಆಸ್ಪತ್ರೆಯ ನರ್ಸಮ್ಮನ ಬೂದು ಬಣ್ಣದ ಕಾರು. ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಇದ್ದ ಡೀಸೆಲ್ ಗಾಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ನಿನ ಪಕ್ಕದಿಂದ ಟಕಟಕ ಸದ್ದು, ಒಳಗೆ ಕೂತವರಿಗೆ ಹೊಗೆಯ ವಾಸನೆ, ತಲೆನೋವು. ಸಿಲಿಂಡರುಗಳ ಹೊಗೆಯನ್ನೆಲ್ಲ ಒಟ್ಟುಮಾಡಿ ಟರ್ಬೊಗೆ ಕಳಿಸುವ ಬೀಡುಕಬ್ಬಿಣದ ಕೊಳವೆಗೆ ಮ್ಯಾನಿಫೋಲ್ಡ್ ಅನ್ನುತ್ತಾರೆ. ಅದು ಎಂಜಿನ್ನಿಗೆ ಕೂಡುವ ಜಾಗದಲ್ಲಿ ಸೋರುತ್ತಿತ್ತು. ಮೇಸ್ತ್ರಿ ಬಿಚ್ಚಿ ನೋಡಿದ, ಎಂಜಿನ್ನಿಗೆ ಕೂಡುವ ಮುಖ ಸೊಟ್ಟಗಾಗಿತ್ತು. ಭಾವನಿಂದ ಸಮ ಮಾಡಿಸಿದ, ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಿದ, ಸದ್ದು ನಿಂತಿತು. ಎರಡು ತಿಂಗಳಿಗೆ ಮತ್ತೆ ಟಕಟಕ. ಮತ್ತೆ ಅದೇ ಸೊಟ್ಟು, ಮತ್ತೆ ಭಾವ, ಮತ್ತೆ ಗ್ಯಾಸ್ಕೆಟ್.

ಮೂರನೇ ಸಲ ಗಾಡಿ ಬಂದಾಗ ಶೆಡ್ಡಿನಲ್ಲಿ ನರ್ಸಮ್ಮನ ಜೊತೆ ಇನ್ನೂ ನಾಲ್ಕು ಜನ ಗಿರಾಕಿಗಳಿದ್ದರು. "ಏನ್ ಮೇಸ್ತ್ರಿ, ನಿಮ್ಮ ಟೈಟು ಲೂಸಾಯ್ತಾ?" ಎಂದು ಒಬ್ಬ ಕಿಚಾಯಿಸಿದ. ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಕೆಲಸದಲ್ಲಿ ಏನಿಲ್ರೀ. ಮುಖ ಸಮ ಮಾಡೋರು ಸರಿಯಾಗಿ ಮಾಡ್ಬೇಕಲ್ಲ? ನಮ್ಮ ಭಾವನಿಗೆ ವಯಸ್ಸಾಯ್ತು, ಕಣ್ಣು ಕಾಣಲ್ಲ. ಹೇಳೋದು ಯಾರು?"

ಹೇಳಿ ತಿರುಗಿದರೆ ಬಾಗಿಲಲ್ಲಿ ಭಾವ, ಕೈಯಲ್ಲಿ ಊಟದ ಡಬ್ಬಿ. ಡಬ್ಬಿಯನ್ನು ಎಡಗೈಗೆ ಬದಲಾಯಿಸಿಕೊಂಡು ಹೊರಟುಹೋದರು.

ಆಮೇಲೆ ಐದು ತಿಂಗಳು ಅವರು ಇತ್ತ ಕಾಲಿಡಲಿಲ್ಲ. ಅಕ್ಕ ಫೋನ್ ಮಾಡಿದರೂ ಮೇಸ್ತ್ರಿಯ ಹೆಂಡತಿಯ ಹತ್ತಿರ ಮಾತಾಡಿ ಇಟ್ಟುಬಿಡುತ್ತಿದ್ದಳು. "ಹೋಗಿ ಒಂದ್ ಮಾತು ತಪ್ಪಾಯ್ತು ಅನ್ನಿ. ಬಾಯಿ ಸವೆದುಹೋಗುತ್ತಾ?" ಎಂದು ಹೆಂಡತಿ ಬೈದಳು. "ತಪ್ಪು ಅವರದ್ದು, ನಾನ್ಯಾಕೆ ಹೋಗಲಿ?" ಎಂದು ಇವನು ಜಂಬದಲ್ಲೇ ಉಳಿದ. ಆದರೆ ಮೇಜಿನ ಮೇಲೆ ಒಬ್ಬನೇ ಉಣ್ಣುವಾಗ ಅರ್ಧ ಊಟ ಡಬ್ಬಿಯಲ್ಲೇ ಉಳಿಯುತ್ತಿತ್ತು.

ಭಾವ ಹೊರಟುಹೋದ ದಿನವೇ ಮ್ಯಾನಿಫೋಲ್ಡನ್ನು ದೂರದ ದೊಡ್ಡ ವರ್ಕ್‌ಶಾಪಿಗೆ ಕಳಿಸಿದ್ದ. ಕಂಪ್ಯೂಟರಿನ ಮೆಷಿನ್ನು, ಕನ್ನಡಿಯಂಥ ಮುಖ. ಐದೇ ತಿಂಗಳಿಗೆ ನರ್ಸಮ್ಮ ಮತ್ತೆ ಬಂದರು.

"ಮೇಸ್ತ್ರಿ, ನಿನ್ನೆ ಮೊಮ್ಮಗಳು ಹಿಂದಿನ ಸೀಟಲ್ಲಿ ನಿದ್ದೆ ಮಾಡಿದ್ಲು. ಎಬ್ಬಿಸಿದ್ರೆ ಕಣ್ಣೇ ಬಿಡ್ಲಿಲ್ಲ. ಕೆನ್ನೆ ತಟ್ಟಿ ತಟ್ಟಿ ಹೊರಗೆ ಗಾಳಿಗೆ ಹಿಡ್ಕೊಂಡ ಮೇಲೆ ಎಚ್ಚರ ಆಯ್ತು. ಇದು ಬರೀ ಸದ್ದಲ್ಲ ಇನ್ಮೇಲೆ."

ಮೇಸ್ತ್ರಿ ಆಗಲೇ ಗಾಡಿಯನ್ನು ಒಳಗೆ ತೆಗೆದುಕೊಂಡ. ಬಿಚ್ಚಿ ನೋಡಿದರೆ ಕಂಪ್ಯೂಟರ್ ಮೆಷಿನ್ನಿನ ಮುಖವೂ ಸೊಟ್ಟಗಾಗಿತ್ತು. ಅದನ್ನು ಎಂಜಿನ್ನಿಗೆ ಬಿಗಿಹಿಡಿಯುವ ಕೊನೆಯ ಸ್ಟಡ್ಡು ತುಂಡಾಗಿತ್ತು. ಅಂದರೆ ಭಾವನ ಕೈಯದ್ದಲ್ಲ ತಪ್ಪು! ಹಾಗಾದರೆ ಯಾರದ್ದು? ಟಾರ್ಚು ಹಿಡಿದು ಗಾಡಿಯ ಅಡಿಗೆ ಮಲಗಿದ. ಟರ್ಬೊ ಕೂರುವ ಜಾಗದ ನೇರ ಕೆಳಗೆ, ಎಂಜಿನ್ನಿನ ಮೈಯಲ್ಲಿ, ಮಸಿ ಮೆತ್ತಿಕೊಂಡ ಎರಡು ಬೋಲ್ಟಿನ ತೂತುಗಳು. ಖಾಲಿ.

ಎದ್ದು ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಸುರುವಿದ. ತಳದಲ್ಲಿತ್ತು, ಗೇಣುದ್ದದ ದಪ್ಪ ಬ್ರಾಕೆಟ್ಟು. ಎರಡು ವರ್ಷದ ಹಿಂದೆ ಇದೇ ಗಾಡಿಯ ಟರ್ಬೊ ಇಳಿಸಿದ್ದು ನೆನಪಾಯಿತು. ಅಷ್ಟು ಭಾರದ ಟರ್ಬೊವನ್ನು ಕೆಳಗಿನಿಂದ ಹೊತ್ತು ನಿಲ್ಲಬೇಕಾದದ್ದನ್ನು ಇವನೇ ಡಬ್ಬಿಗೆ ಹಾಕಿದ್ದ. ಭಾರವೆಲ್ಲ ಮ್ಯಾನಿಫೋಲ್ಡಿಗೆ ಜೋತುಬಿದ್ದು, ಕಾದಾಗಲೆಲ್ಲ ಅದನ್ನು ಬಗ್ಗಿಸುತ್ತಾ ಬಂದಿತ್ತು.

ತುಂಡು ಸ್ಟಡ್ಡಿಗೆ ನಟ್ಟು ವೆಲ್ಡ್ ಮಾಡಿ ತಿರುಗಿಸಿ ಹೊರತೆಗೆದ. ಮುಖವನ್ನು ಆ ದೊಡ್ಡ ವರ್ಕ್‌ಶಾಪಿನಲ್ಲೇ ಮತ್ತೆ ಸಮ ಮಾಡಿಸಿ ತಂದ. ಹೊಸ ಸ್ಟಡ್ಡು, ಹೊಸ ಗ್ಯಾಸ್ಕೆಟ್ಟು. ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಆಚೀಚೆ, ಮೂರು ಸುತ್ತಿನಲ್ಲಿ ಬಿಗಿ ಮಾಡಿದ. ಕೊನೆಗೆ ಬ್ರಾಕೆಟ್ಟು. ಬೆರಳುಗಳು ತರಚಿ ರಕ್ತ ಬಂತು, ಬರಲಿ ಎಂದುಕೊಂಡ. ಮಾರನೇ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ ರಬ್ಬರ್ ಕೊಳವೆಯನ್ನು ಕಿವಿಗಿಟ್ಟು ಕೇಳಿದ. ಸದ್ದಿಲ್ಲ.

"ಏನಾಗಿತ್ತು?" ಎಂದರು ನರ್ಸಮ್ಮ.

ಏನು ಹೇಳಿದರೂ ನಂಬುವವರು ಅವರು. ಆದರೆ ಆ ಮಗುವಿನ ಮಾತು ಕೇಳಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. "ನನ್ನ ತಪ್ಪು ಸಿಸ್ಟರ್. ಮೊದಲಿನಿಂದಲೂ ನಂದೇ," ಎಂದ.

ನರ್ಸಮ್ಮ ಕಾರಿನ ಕೀಲಿ ತೆಗೆದುಕೊಂಡರು. "ಅವತ್ತು ನಿಮ್ಮ ಭಾವನ್ನ ಬೈದ್ರಲ್ಲ, ಅವರಿಗೆ ಹೇಳಿದ್ರಾ?"

ಸುರುವಿದ್ದನ್ನೆಲ್ಲ ಮತ್ತೆ ಬಿಸ್ಕತ್ತಿನ ಡಬ್ಬಿಗೆ ತುಂಬಿ, ಕಂಕುಳಲ್ಲಿಟ್ಟುಕೊಂಡು ಮೇಸ್ತ್ರಿ ಭಾವನ ಅಂಗಡಿಗೆ ಹೋದ. ಭಾವ ಸ್ಟೂಲಿನ ಮೇಲೆ ಕೂತು ಗೇಟಿನ ಪೈಪು ಕತ್ತರಿಸುತ್ತಿದ್ದರು. ಹಲಗೆಯ ಮೇಲೆ ಸಾಲಾಗಿ ಮೂರು ಕನ್ನಡಕ. ಗ್ರೈಂಡಿಂಗ್ ಮೆಷಿನ್ ಇದ್ದ ಜಾಗದಲ್ಲಿ ನೆಲ ಬೋಳಾಗಿತ್ತು.

ನಿಂತೇ ಎಲ್ಲವನ್ನೂ ಹೇಳಿದ. "ನಿಮ್ಮ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ ಭಾವ. ಭಾರ ಹೊರೋದನ್ನ ನಾನೇ ತೆಗೆದಿಟ್ಟಿದ್ದೆ." ಮಾತು ಮುಗಿಸಿ, "ಮೆಷಿನ್ ಎಲ್ಲಿ?" ಎಂದ.

"ಹೋದ ತಿಂಗಳು ಕೊಟ್ಬಿಟ್ಟೆ. ಕಣ್ಣು ಕಾಣದವನಿಗೆ ಅದ್ಯಾಕೆ?"

"ಡಾಕ್ಟ್ರಿಗೆ ತೋರಿಸಿದ್ರಾ?"

"ಮೂರು ಸಲ ತೋರಿಸ್ದೆ. ಓದೋಕೆ ಕನ್ನಡಕ ಕೊಟ್ರು, ದೃಷ್ಟಿ ಚೆನ್ನಾಗೇ ಇದೆ ಅಂದ್ರು." ಭಾವ ಪೈಪನ್ನು ಕೆಳಗಿಟ್ಟರು. "ನಾನು ಡಾಕ್ಟ್ರನ್ನ ನಂಬಲಿಲ್ಲ ಕಣೋ. ನಿನ್ನ ನಂಬಿದೆ. ನಮ್ಮೋನು ಸುಮ್ಮನೆ ಹೇಳ್ತಾನಾ ಅಂತ."

ಮೇಸ್ತ್ರಿ ಆ ಬೋಳು ನೆಲದ ಮೇಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅಕ್ಕ ಅಂಗಡಿಯ ಹಿಂದಿನ ಮನೆಯಿಂದ ಓಡಿಬಂದು ನೀರು ತಂದಿಟ್ಟಳು. ಭಾವ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು ಮುಚ್ಚಳ ತೆಗೆದರು. ಒಂದು ಕ್ಲಿಪ್ಪನ್ನು ಎತ್ತಿ ಕನ್ನಡಕವಿಲ್ಲದೆಯೇ ಬೆಳಕಿಗೆ ಹಿಡಿದರು.

"ಇದು ಯಾವ ಗಾಡಿದು?"

"ಗೊತ್ತಿಲ್ಲ ಭಾವ."

ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿದರು. "ಇದು?"